ಇಂಗ್ಲಿಷ್ ಪರೀಕ್ಷೆ ಅಳೆಯಬೇಕಾದ್ದನ್ನೇ ಅಳೆಯುತ್ತಿದೆಯೇ? ಪರಿಶೀಲಿಸುವುದು ಹೀಗೆ

ಅಂಕಪಟ್ಟಿಯ ಮೇಲೆ ‘ಎರಡು ವರ್ಷ ಮಾನ್ಯ’ ಎಂದಿದ್ದರೆ ಅದು ಅಂಕದ ಚಾಲ್ತಿ ಅವಧಿ, ಅಷ್ಟೇ. ಸಿಂಧುತ್ವ ಬೇರೆಯೇ ಪ್ರಶ್ನೆ: ಆ ಅಂಕ ನೋಡಿ ನಾವು ಕೈಗೊಳ್ಳುವ ತೀರ್ಮಾನಕ್ಕೆ ಆಧಾರವಿದೆಯೇ? ಆದ್ದರಿಂದ ‘ಈ ಪರೀಕ್ಷೆ ಸರಿಯೇ?’ ಎಂದರೆ ಸಾಲದು, ‘ಯಾವುದಕ್ಕೆ?’ ಎಂದೂ ಕೇಳಬೇಕು. ವಿದೇಶದ ಓದು, ಕೆಲಸಕ್ಕೆಂದು ಬರೆಯುವ ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ನಲ್ಲಿ ಅಕಾಡೆಮಿಕ್ (ಉನ್ನತ ಶಿಕ್ಷಣಕ್ಕೆ), ಜನರಲ್ ಟ್ರೈನಿಂಗ್ (ಮುಖ್ಯವಾಗಿ ಕೆಲಸ, ವಲಸೆಗೆ) ಎಂಬ ಎರಡು ಬಗೆಗಳಿದ್ದು, ಆಲಿಸುವ ಮತ್ತು ಮಾತನಾಡುವ ಭಾಗ ಎರಡಕ್ಕೂ ಒಂದೇ, ಓದು ಮತ್ತು ಬರಹ ಮಾತ್ರ ಬೇರೆ. ಉದ್ದೇಶ ಬದಲಾದಾಗ ಪ್ರಶ್ನೆಪತ್ರಿಕೆಯೂ ಬದಲಾಗಬೇಕಾಗುತ್ತದೆ.

ಮೊದಲು ಪರೀಕ್ಷೆಯ ಮೇಲಿನ ನಂಬಿಕೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ: ‘60 ಅಂಕ ದಾಟಿದವರು ಇಂಗ್ಲಿಷ್ ಉಪನ್ಯಾಸ ಕೇಳಿ ಟಿಪ್ಪಣಿ ಮಾಡಿಕೊಳ್ಳಬಲ್ಲರು, ಎರಡು ಪುಟದ ವರದಿ ಬರೆಯಬಲ್ಲರು.’ ಅದರ ಕೆಳಗೆ ಎಡಕ್ಕೆ ಆ ಕೆಲಸಕ್ಕೆ ಬೇಕಾದ ಕೌಶಲಗಳನ್ನೂ ಬಲಕ್ಕೆ ಪರೀಕ್ಷೆಯಲ್ಲಿರುವ ಪ್ರಶ್ನೆಗಳನ್ನೂ ಪಟ್ಟಿ ಮಾಡಿ. ಎಡಕ್ಕಿದ್ದು ಬಲಕ್ಕಿಲ್ಲದ್ದು ಕೊರತೆ. ಬಲಕ್ಕಿದ್ದು ಎಡಕ್ಕೆ ಸಂಬಂಧವೇ ಇಲ್ಲದ್ದು ಕಲಬೆರಕೆ. ಪರೀಕ್ಷಾ ಮಾಪನದ ತಜ್ಞ ಸ್ಯಾಮುಯೆಲ್ ಮೆಸಿಕ್ 1989ರಲ್ಲಿ ಸಿಂಧುತ್ವಕ್ಕಿರುವ ಮುಖ್ಯ ಅಪಾಯಗಳೆಂದು ಗುರುತಿಸಿದ್ದು ಇವೆರಡನ್ನೇ.

ಕೊರತೆ ಬೇಗ ಕಾಣುತ್ತದೆ. ಕಲಬೆರಕೆಯನ್ನು ಹುಡುಕಿಯೇ ತೆಗೆಯಬೇಕು. ಓದಿನ ಭಾಗದ ಪಠ್ಯವನ್ನು ಕಿತ್ತಿಟ್ಟು, ಬರೀ ಪ್ರಶ್ನೆಗಳನ್ನು ಇಪ್ಪತ್ತು ಮೂವತ್ತು ಜನರಿಗೆ ಕೊಡಿ. ನಾಲ್ಕು ಆಯ್ಕೆಗಳ 20 ಪ್ರಶ್ನೆಗಳಿದ್ದರೆ ಕುರುಡು ಊಹೆಗೆ ಸರಾಸರಿ 5 ಸರಿಯಾಗುತ್ತವೆ. ಸರಾಸರಿ 9, 10 ಬಂತೆಂದರೆ ಓದದೆಯೇ ಉತ್ತರಿಸಬಹುದಾದ ಪ್ರಶ್ನೆಗಳು ನುಸುಳಿವೆ. ‘ಮಂಜುಗಡ್ಡೆ ನೀರಿನಲ್ಲಿ ಏಕೆ ತೇಲುತ್ತದೆ?’ ಎಂಬ ಪ್ರಶ್ನೆಯನ್ನೇ ನೋಡಿ. ವಿಜ್ಞಾನ ಓದಿದವರಿಗೆ ಪಠ್ಯ ಬೇಕಿಲ್ಲ, ಓದದವರಿಗೆ ಇಂಗ್ಲಿಷ್ ಬಂದರೂ ಅದು ತುಸು ಕಷ್ಟವೇ. ಕೇಳಿ ಬರೆಯುವ ಉತ್ತರದಲ್ಲಿ ಕಾಗುಣಿತ ತಪ್ಪಿಗೆ ಅಂಕ ಕಳೆದರೂ ಇದೇ ತೊಂದರೆ: ಕಿವಿಗೆ ಸರಿಯಾಗಿ ಬಿದ್ದದ್ದು ಕೈಯಲ್ಲಿ ತಪ್ಪಾಗಿರುತ್ತದೆ.

ಬರಹ ಮತ್ತು ಮಾತಿಗೆ ಇಬ್ಬರು ಮೌಲ್ಯಮಾಪಕರು ಪರಸ್ಪರರ ಅಂಕ ನೋಡದೆ ಬೆಲೆ ಕಟ್ಟಲಿ. ಇಬ್ಬರ ಅಂಕ ಹೊಂದಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಇಬ್ಬರೂ ಉದ್ದದ ಉತ್ತರಕ್ಕೇ ಮರುಳಾಗಿರಬಹುದು. ಪ್ರಬಂಧಗಳ ಪದಸಂಖ್ಯೆ ಎಣಿಸಿ, ಅಂಕದ ಪಕ್ಕದಲ್ಲಿಟ್ಟು ನೋಡಿ. ಅಂಕ ಪದಸಂಖ್ಯೆಯ ಬೆನ್ನಿಗೇ ಏರಿಳಿಯುತ್ತಿದ್ದರೆ, ಒಂದೇ ಉದ್ದದ ಉತ್ತರಗಳನ್ನು ಆರಿಸಿ ಮತ್ತೆ ಬೆಲೆ ಕಟ್ಟಿಸಿ. ವಿಶ್ವಾಸಾರ್ಹತೆ, ಅಂದರೆ ಮತ್ತೆ ಮತ್ತೆ ಅಳೆದರೂ ಹೆಚ್ಚುಕಡಿಮೆ ಅದೇ ಅಂಕ ಬರುವ ಗುಣ, ಇಲ್ಲದೆ ಸಿಂಧುತ್ವ ಇಲ್ಲ, ನಿಜ. ಆದರೆ ಒಂದೇ ತಪ್ಪನ್ನು ಪ್ರತಿಸಲ ತಪ್ಪದೆ ಮಾಡುವ ಪರೀಕ್ಷೆಯೂ ವಿಶ್ವಾಸಾರ್ಹತೆಯ ಲೆಕ್ಕದಲ್ಲಿ ಪಾಸಾಗುತ್ತದೆ.

ಈಗ ಕಟ್‌ಆಫ್. ಅಂಕದಲ್ಲಿ ಎಷ್ಟು ದೋಷವಿರಬಹುದೆಂದು ತಿಳಿಯಲು, ಒಂದರಿಂದ ವಿಶ್ವಾಸಾರ್ಹತೆಯ ಅಂಕಿ (ಸೊನ್ನೆಯಿಂದ ಒಂದರವರೆಗೆ ಇರುತ್ತದೆ) ಕಳೆದು, ವರ್ಗಮೂಲ ತೆಗೆದು, ಅಂಕಗಳ ಪ್ರಮಾಣಿತ ವಿಚಲನೆಯಿಂದ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಗುಣಿಸಿ. ವಿಚಲನೆ 10, ವಿಶ್ವಾಸಾರ್ಹತೆ 0.91 ಇದ್ದರೆ ಬರುವ ದೋಷ 3 ಅಂಕ. ಅಂದರೆ ನಿಜ ಸಾಮರ್ಥ್ಯ 60 ಇರುವವರಿಗೆ ಮೂರರಲ್ಲಿ ಎರಡು ಸಲ 57ರಿಂದ 63ರೊಳಗೆ ಎಷ್ಟಾದರೂ ಬರಬಹುದು. 59 ಬಂದವರನ್ನು ಬೇರೆ ಯಾವ ಪುರಾವೆಯನ್ನೂ ನೋಡದೆ ಹೊರಗಿಡುವುದು ಅನ್ಯಾಯ. ಒಬ್ಬರ ಓದು, ಉದ್ಯೋಗ ಆ ಒಂದು ಅಂಕದ ಮೇಲೆ ನಿಂತಿರುತ್ತದೆ.

ಕೊನೆಗೆ ಹೊರಗಿನ ಹೋಲಿಕೆ. ‘ನಮ್ಮದು ಆ ದೊಡ್ಡ ಪರೀಕ್ಷೆಗೆ ಸಮ, ಸಹಸಂಬಂಧ 0.8’ ಎಂದರೆ ಆ ಅಂಕಿಯನ್ನು (ಎರಡೂ ಅಂಕಗಳು ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಎಂಬ ಅಳತೆ, ಪೂರ್ತಿ ಹೊಂದಿದರೆ 1) ವರ್ಗ ಮಾಡಿ: 0.64. ಅಂಕಗಳ ಏರಿಳಿತದಲ್ಲಿ ಶೇ 36ರಷ್ಟು ಹೊಂದಿಕೆಯಾಗುತ್ತಿಲ್ಲ. ಪ್ರವೇಶ ಪಡೆದವರ ಮುಂದಿನ ಓದಿನ ಜತೆ ಹೋಲಿಸುವಾಗ ಇದಕ್ಕೆ ತದ್ವಿರುದ್ಧವಾದ ಎಚ್ಚರ ಬೇಕು. ಕಡಿಮೆ ಅಂಕದವರನ್ನು ಆಗಲೇ ಕೈಬಿಟ್ಟಿರುವುದರಿಂದ ಉಳಿದವರ ಅಂಕಗಳ ಅಂತರ ಕಿರಿದಾಗಿ, ಸಹಸಂಬಂಧ ಸಹಜವಾಗಿಯೇ ಕುಸಿಯುತ್ತದೆ. ಆ ಅಂಕಿಯೊಂದನ್ನೇ ಹಿಡಿದು ಪರೀಕ್ಷೆಯನ್ನು ತಳ್ಳಿಹಾಕಬೇಡಿ. ಕಟ್‌ಆಫ್‌ ಆಸುಪಾಸಿನಲ್ಲಿ ಒಳಬಂದವರ ಟಿಪ್ಪಣಿ ಪುಸ್ತಕ, ವರದಿಗಳನ್ನು ತರಿಸಿಕೊಂಡು, ಮೊದಲು ಬರೆದಿಟ್ಟ ವಾಕ್ಯದ ಪಕ್ಕದಲ್ಲಿಟ್ಟು ನೋಡಿ.