1766319049: ಚೌಕಳಿ ವಹಿಯಲ್ಲೇ ಬಿಡಿಸಿ ಒಡೆದ ಲೆಕ್ಕ

61ನ್ನು ಒಂದು ವರ್ಗದಿಂದ ಗುಣಿಸಿ 1 ಕೂಡಿಸಿದರೆ ಇನ್ನೊಂದು ವರ್ಗ ಬರಬೇಕು. ಅತಿ ಸಣ್ಣ ಉತ್ತರದಲ್ಲಿ ಜ್ಯೇಷ್ಠ (ಕೊನೆಗೆ ಬರುವ ವರ್ಗದ ಮೂಲ) 1766319049, ಕನಿಷ್ಠ (61ನ್ನು ಗುಣಿಸುವ ವರ್ಗದ ಮೂಲ) 226153980. ಭಾಸ್ಕರಾಚಾರ್ಯರು 1150ರಲ್ಲೇ ಬಿಡಿಸಿಟ್ಟ ಇದನ್ನು 1657ರಲ್ಲಿ ಫ್ರೆಂಚ್ ಗಣಿತಜ್ಞ ಫರ್ಮಾ ಯುರೋಪಿನವರಿಗೆ ಸವಾಲು ಹಾಕಿದ. (ಭಾಸ್ಕರಾಚಾರ್ಯರ ಊರು ವಿಜ್ಜಡವಿಡ ನಮ್ಮ ವಿಜಯಪುರವೇ ಅಂತ ಇಲ್ಲಿಯವರು, ಅಲ್ಲ ಅಂತ ಚಾಳೀಸಗಾಂವ ಕಡೆಯವರು. ಆ ಜಗಳ ಬೇರೆ.) ಕಂಪ್ಯೂಟರ್ ಇಲ್ಲದೆ ಇದನ್ನು ತೆಗೆದು, ತಾಳೆ ನೋಡಿ, ಅವಿಭಾಜ್ಯಗಳಾಗಿ ಒಡೆಯುವುದು ಆಗದ ಮಾತು ಅಂದವರು ಊರಲ್ಲೇ ಇದ್ದರು. ಆಗುತ್ತದೆ. ವಹಿ, ಪೆನ್ನು ಸೇರಿ ಅರವತ್ತೋ ಎಪ್ಪತ್ತೋ ರೂಪಾಯಿ.

ರೊಕ್ಕ ದಂಡವಾದದ್ದು ಯಂತ್ರದ ಮೇಲೆ. ಸಾವಿರದ ಮೇಲೆ ಕೊಟ್ಟು ತಂದ ಸೈಂಟಿಫಿಕ್ ಕ್ಯಾಲ್ಕುಲೇಟರ್ ಹತ್ತು ಅಂಕಿ ತೋರಿಸಿ ನಿಲ್ಲುತ್ತದೆ. ಜ್ಯೇಷ್ಠದ ವರ್ಗಕ್ಕೆ 19 ಅಂಕಿ ಬೇಕು. ಎಕ್ಸೆಲ್ 15 ಅಂಕಿ ದಾಟಿದರೆ ಸೊನ್ನೆ ತುಂಬುತ್ತದೆ, ಬೇಕಾದ ಆ 1 ಅಲ್ಲೇ ಮುಳುಗುತ್ತದೆ. ಕನಿಷ್ಠವನ್ನು ಒಂದೊಂದೇ ಏರಿಸುತ್ತ ಹೋದರೆ 22 ಕೋಟಿಗೂ ಮೇಲೆ ಸಾಲು. ಹಾಳೆಯಲ್ಲಿ ಇರುವುದೇ ಹತ್ತು ಲಕ್ಷ ಚಿಲ್ಲರೆ.

ಚಕ್ರವಾಳವನ್ನು (ಒಂದು ಜೋಡಿಯಿಂದ ಮುಂದಿನ ಜೋಡಿಗೆ ಸುತ್ತುತ್ತ ಹೋಗುವ, ಭಾಸ್ಕರರು ಬಳಸಿದ ರೀತಿ) ಜ್ಯೇಷ್ಠ 8, ಕನಿಷ್ಠ 1, ಕ್ಷೇಪ 3ರಿಂದ ಹಿಡಿಯಿರಿ. ಜ್ಯೇಷ್ಠದ ವರ್ಗದಲ್ಲಿ ಕನಿಷ್ಠದ ವರ್ಗದ 61 ಪಟ್ಟು ಕಳೆದು ಉಳಿಯುವುದೇ ಕ್ಷೇಪ. ಗುಣಕ (8ಕ್ಕೆ ಕೂಡಿಸಿದರೆ 3ರಿಂದ ಭಾಗ ಹೋಗುವ ಸಂಖ್ಯೆ) 7. 10 ಕೂಡ ಭಾಗ ಹೋಗುತ್ತದೆ, ಆದರೆ ಕ್ಷೇಪ 13 ಆಗಿ ದಾರಿ ಉದ್ದವಾಗುತ್ತದೆ. 7ಕ್ಕೆ 39, 5, ಕ್ಷೇಪ ಮೈನಸ್ 4 ಸಿಗುತ್ತದೆ. ಇಲ್ಲಿ ಚಕ್ರ ನಿಲ್ಲಿಸಿ. ಅದರೊಂದಿಗೇ ಅದಕ್ಕೆ ಭಾವನಾ (ಎರಡು ಜೋಡಿ ಗುಣಿಸಿ ಕೂಡಿಸಿ ಹೊಸ ಜೋಡಿ ಕಟ್ಟುವುದು) ಮಾಡಿದರೆ 3046, 390, ಕ್ಷೇಪ 16. ಅರ್ಧ ಮಾಡಿದರೆ 1523, 195, ಕ್ಷೇಪ 4. ಇನ್ನೊಮ್ಮೆ ಅರ್ಧ ಮಾಡಲು ಹೋಗಬೇಡಿ, 1523 ಬೆಸ. ಅದರ ವರ್ಗದಿಂದ 3 ಕಳೆದು ಅರ್ಧ ಮಾಡಿದರೆ 1159763, 1 ಕಳೆದು ಅರ್ಧ ಮಾಡಿದರೆ 1159764. ಮೊದಲನೆಯದನ್ನು 1523ರಿಂದ, ಎರಡನೆಯದನ್ನು 195ರಿಂದ ಗುಣಿಸಿ. ಎರಡೂ ಉತ್ತರ ಕೈಯಲ್ಲಿ.

ತಾಳೆಗೆ 1766 ಮತ್ತು 319049 ಅಂತ ತುಂಡು ಮಾಡಿ ವರ್ಗ ಮಾಡಿ: 3119882982860264401. ತಪ್ಪುವುದು ಹೆಚ್ಚಾಗಿ ನಡುವಿನ ಗುಣಲಬ್ಧವನ್ನು ಆರು ಮನೆ ಸರಿಸಿ ಬರೆಯುವಾಗ. ಅದಕ್ಕೇ ಚೌಕಳಿ ವಹಿ. ಇನ್ನೂ ಸಲೀಸಾದ ತಾಳೆ ಬೇಕೆಂದರೆ, ಜ್ಯೇಷ್ಠದಲ್ಲಿ 1 ಕಳೆದು ಅರ್ಧ ಮಾಡಿದರೆ 29718ರ ವರ್ಗ, 1 ಕೂಡಿಸಿ 122ರಿಂದ ಭಾಗಿಸಿದರೆ 3805ರ ವರ್ಗ.

ಜ್ಯೇಷ್ಠವನ್ನು ಒಡೆಯುವ ಕೆಲಸ ಅರ್ಧ ಆಗಲೇ ಮುಗಿದಿದೆ, 1523 ಅವಿಭಾಜ್ಯ. 1159763ರ ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿ ಕಳೆದರೆ ಸೊನ್ನೆ, ಹಾಗಾಗಿ 11 ಹೋಗುತ್ತದೆ, ಉಳಿದದ್ದು 105433. ಇದಕ್ಕೆ 13, 17, 19 ಎಲ್ಲ ಬಿಟ್ಟು ನೇರ 59ಕ್ಕೆ ಹಾರುವ ಜರಡಿ ಒಂದಿದೆ, 24ರಿಂದ ಭಾಗಿಸಿ ಉಳಿಯುವ ಶೇಷ ನೋಡುವಂಥದ್ದು. ಪೂರ್ತಿ ಬಿಚ್ಚಿ ಹೇಳುವುದಿಲ್ಲ. ಕೊನೆಗೆ 11 × 59 × 1523 × 1787.

ಅಕ್ಕಪಕ್ಕದ 60ಕ್ಕೆ ಜ್ಯೇಷ್ಠ 31, 62ಕ್ಕೆ 63 ಮಾತ್ರ. 61 ಒಂದೇ ಹೀಗೆ ಎಗರಿ ನಿಂತಿದೆ. 109ರಲ್ಲೂ 261, 25ಕ್ಕೆ ಕ್ಷೇಪ ಮೈನಸ್ 4 ಸಿಕ್ಕಿತು. ಇದೇ ದಾರಿ ಹಿಡಿದು ತೆಗೆದದ್ದು 158070671986249. ಅದಕ್ಕೆ 68123 (ಇಲ್ಲಿ 1523ರ ಜಾಗದಲ್ಲಿ ಬಂದದ್ದು) ಭಾಗ ಹೋಗುವುದು ಖಾತ್ರಿ, ಉಳಿದದ್ದನ್ನು ಒಡೆಯುವುದು ನಡೆದಿದೆ.