ಹಾಜರಿ ಕೂಗುವುದು ಬಿಟ್ಟೆ, ಕ್ಲಾಸು ತುಂಬಿತು

ಕಳೆದ ಸೆಮಿಸ್ಟರಿನಲ್ಲಿ ಹಾಜರಿ ಕಡಿಮೆ ಇದ್ದವರ ಶಾರ್ಟೇಜ್ ಪಟ್ಟಿಗೆ ನನ್ನ ವಿಷಯದಿಂದ ಹೋದದ್ದು ಮೂರೋ ನಾಲ್ಕೋ ಹೆಸರು. ಅದರ ಹಿಂದಿನ ವರ್ಷ ಅದೇ ವಿಷಯಕ್ಕೆ ಇಪ್ಪತ್ತರ ಮೇಲಿತ್ತು. ಬಿಕಾಂ ಎರಡನೇ ವರ್ಷ, ಕಾಸ್ಟ್ ಅಕೌಂಟಿಂಗ್, ಎಪ್ಪತ್ತರ ಆಸುಪಾಸು ಹುಡುಗರು, ಅದೂ ಮಧ್ಯಾಹ್ನ ಊಟ ಆದಮೇಲಿನ ಪಿರಿಯಡ್. ಕಾಮರ್ಸ್ ಮೇಷ್ಟ್ರುಗಳಿಗೆ ಇಷ್ಟು ಹೇಳಿದರೆ ಸಾಕು, ಪರಿಸ್ಥಿತಿ ಅರ್ಥವಾಗುತ್ತದೆ.

ನಾನು ಅತಿಥಿ ಉಪನ್ಯಾಸಕ. ಹೊಸ ನಿಯಮ ಮಾಡುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ಒಬ್ಬರು ಹಿರಿಯರು ಚಹಾ ಕುಡಿಯುತ್ತಾ, "ಪರ್ಮನೆಂಟ್ ಆದೋರ ಕೈಲೇ ಆಗಿಲ್ಲ, ನಿಂದೇನಯ್ಯಾ?" ಅಂದಿದ್ದರು. ಈ ಸಲ ಅದೇ ಹಿರಿಯರು ನನ್ನ ನಿಯಮದ ಹಾಳೆಯ ಜೆರಾಕ್ಸ್ ತೆಗೆಸಿಕೊಂಡು ಹೋದರು. ಅದಕ್ಕೇ ಇದನ್ನು ಬರೆಯೋಣ ಅನ್ನಿಸಿತು.

ಮೊದಲು ಕೆಟ್ಟು ಹೋದವುಗಳನ್ನು ಹೇಳಿಬಿಡುತ್ತೇನೆ.

ಕ್ಯೂಆರ್ ಕೋಡ್. ಗೂಗಲ್ ಫಾರ್ಮ್ ಮಾಡಿ, ಕೋಡನ್ನು ಪ್ರಿಂಟ್ ಹಾಕಿಸಿ ಬೋರ್ಡಿಗೆ ಅಂಟಿಸಿದೆ. ಒಂದು ವಾರ ಭಾರಿ ಖುಷಿ. ಎರಡನೇ ವಾರ ಕ್ಲಾಸಿನಲ್ಲಿ ಮೂವತ್ತು ಚಿಲ್ಲರೆ ತಲೆ, ಫಾರ್ಮಿನಲ್ಲಿ ಐವತ್ತು ದಾಟಿದ ಹಾಜರಿ. ಕೋಡಿನ ಫೋಟೋ ವಾಟ್ಸಾಪ್ ಗ್ರೂಪಿಗೆ ಹೋಗಿತ್ತು. ಒಬ್ಬನಂತೂ ಅಕ್ಕನ ಮದುವೆ ಊಟದ ಪಂಕ್ತಿಯಿಂದಲೇ ಹಾಜರಾಗಿದ್ದ. ಎಲೆ ಮುಂದೆ ಕೂತ ಸ್ಟೇಟಸ್ಸನ್ನೂ ಹಾಕಿಕೊಂಡಿದ್ದ ಪುಣ್ಯಾತ್ಮ.

ದಂಡ. ತಡವಾಗಿ ಬಂದರೆ ಹತ್ತು ರೂಪಾಯಿ, ಸೆಮಿಸ್ಟರ್ ಕೊನೆಗೆ ಆ ದುಡ್ಡಲ್ಲಿ ಸಮೋಸ. ನಾಲ್ಕುನೂರು ರೂಪಾಯಿ ಹತ್ತಿರ ಕೂಡಿತು. ತಡವಾಗಿ ಬರುವುದು ಮಾತ್ರ ಕಡಿಮೆಯಾಗಲಿಲ್ಲ, ಜಾಸ್ತಿಯಾಯಿತು. ದುಡ್ಡು ಕೊಟ್ಟಮೇಲೆ ತಡ ಮಾಡುವುದು ಹಕ್ಕು ಅನ್ನೋ ಹಾಗೆ. ಒಂದು ಸೋಮವಾರ ಇಬ್ಬರು ಬಂದು ನೂರು ರೂಪಾಯಿ ಚಾಚಿದರು: "ಸಾರ್, ವಾರದ್ದು ಅಡ್ವಾನ್ಸ್." ಅಷ್ಟರಲ್ಲಿ ಯಾರೋ ಪ್ರಿನ್ಸಿಪಾಲರ ಕಿವಿಗೆ, ಗೆಸ್ಟ್ ಲೆಕ್ಚರರ್ ಹುಡುಗರ ಹತ್ತಿರ ವಸೂಲಿ ಮಾಡುತ್ತಾನೆ ಅಂತ ಹಾಕಿದ್ದರು. ಅವತ್ತೇ ಸಮೋಸ ತರಿಸಿ ಹಂಚಿ ಲೆಕ್ಕ ಚುಕ್ತಾ ಮಾಡಿದೆ. ಮೇಲಿಂದ ನಲವತ್ತು ರೂಪಾಯಿ ಕೈಯಿಂದ ಹೋಯಿತು.

ಅಪ್ಪ ಅಮ್ಮನಿಗೆ ಫೋನ್ ಮಾಡುವುದು. ಇದು ಎಲ್ಲರೂ ಹೇಳುವ ಮದ್ದು. ಗಂಡು ಹುಡುಗರ ಮನೆಯಲ್ಲಿ, "ನೀವೇ ನಾಲ್ಕು ಬಿಡಿ ಸಾರ್" ಅಂತ ಮುಗಿಯುತ್ತದೆ. ಒಂದು ಹುಡುಗಿಯ ಮನೆಗೆ ಮಾಡಿದಾಗ ಅವಳ ಅಪ್ಪ ಜೋರು ಮಾಡಲಿಲ್ಲ. ಮೆತ್ತಗೆ, "ಹಂಗಾರೆ ಬಿಡಿಸ್ತೀವಿ ಬಿಡಿ ಸಾ, ಹೆಂಗೂ ಗಂಡು ನೋಡ್ತಿದೀವಿ" ಅಂದರು. ಎದೆ ಧಸಕ್ಕೆಂದಿತು. ಅರ್ಧ ಗಂಟೆ ಮಾತಾಡಿ, ಹುಡುಗಿ ಬಹಳ ಬುದ್ಧಿವಂತೆ, ಬಸ್ಸಿನದ್ದೊಂದೇ ತೊಂದರೆ ಅಂತ ಒಪ್ಪಿಸಿದೆ. ಅದು ಸುಳ್ಳೂ ಅಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಬೆಳಗಿನ ಬಸ್ಸು ನಮ್ಮ ಕಡೆ ಹಿಂದಿನ ಊರಲ್ಲೇ ತುಂಬಿರುತ್ತದೆ. ಎಷ್ಟೋ ದಿನ ಸ್ಟಾಪಿನಲ್ಲಿ ನಿಲ್ಲಿಸದೆ ಹೋಗುತ್ತದೆ. ಪಾಸಿಗೆ ದುಡ್ಡು ಕಟ್ಟಿದ ಹುಡುಗನೂ ಅಲ್ಲೇ ನಿಂತಿರುತ್ತಾನೆ, ಪುಕ್ಕಟೆ ಟಿಕೆಟ್ಟಿನ ಹುಡುಗಿಯೂ ಅಲ್ಲೇ. ಆ ಹುಡುಗಿ ಈಗ ಕೊನೇ ವರ್ಷದಲ್ಲಿದ್ದಾಳೆ. ಆಮೇಲೆ ನಾನು ಯಾರ ಮನೆಗೂ ಹಾಜರಿ ವಿಷಯಕ್ಕೆ ಫೋನ್ ಮಾಡಿಲ್ಲ.

ಈಗ ನಡೆಯುತ್ತಿರುವುದು ಚೀಟಿ ಪದ್ಧತಿ.

ಪಿರಿಯಡ್ ಮುಗಿಯಲು ಹತ್ತು ನಿಮಿಷ ಇರುವಾಗ ಅಂಗೈಯಗಲದ ಚೀಟಿ ಹಂಚುತ್ತೇನೆ. ಎ4 ಹಾಳೆಯನ್ನು ಎಂಟು ಮಾಡಿದ ತುಂಡು. ಮೇಲೆ ದಿನಾಂಕದ ರಬ್ಬರ್ ಸ್ಟ್ಯಾಂಪ್. ಬೋರ್ಡಿನ ಮೇಲೆ ಅವತ್ತಿನ ಪಾಠದ್ದೇ ಒಂದು ಸಣ್ಣ ಲೆಕ್ಕ. ಮಾಡಿ, ಹೆಸರು, ನಂಬರ್ ಬರೆದು ಬಾಗಿಲ ಹತ್ತಿರ ನನ್ನ ಕೈಗೇ ಕೊಟ್ಟು ಹೋಗಬೇಕು. ಅದೇ ಹಾಜರಿ. ಹೆಸರು ಕೂಗುವುದಿಲ್ಲ. ಮುಂಚೆ ಎಪ್ಪತ್ತು ಹೆಸರು ಕೂಗುವುದಕ್ಕೇ ಏಳೆಂಟು ನಿಮಿಷ ಹೋಗುತ್ತಿತ್ತು, ಅದು ಉಳಿಯಿತು. ಗಂಟಲೂ ಉಳಿಯಿತು.

ಲೆಕ್ಕ ಹೇಗಿರಬೇಕು ಅನ್ನುವುದರಲ್ಲೇ ಎಲ್ಲ ಇದೆ. ಒಂದು ಉದಾಹರಣೆ. ಒಂದು ಸಲಕ್ಕೆ ಎಷ್ಟು ಸರಕು ತರಿಸಿದರೆ ಖರ್ಚು ಕಡಿಮೆ ಅನ್ನುವ ಇಒಕ್ಯೂ ಲೆಕ್ಕ ಮಾಡಿದ ದಿನ ಕೊಟ್ಟದ್ದು: ವರ್ಷಕ್ಕೆ 10,000 ಯೂನಿಟ್, ಒಂದು ಆರ್ಡರಿಗೆ 50 ರೂಪಾಯಿ, ಒಂದು ಯೂನಿಟ್ ಬೆಲೆ 10 ರೂಪಾಯಿ, ಸಂಗ್ರಹದ ಖರ್ಚು ಬೆಲೆಯ ಶೇ. 10. ಪಾಠ ಕೇಳಿದವನು ಶೇ. 10 ಅನ್ನು ಒಂದು ರೂಪಾಯಿ ಮಾಡಿಕೊಳ್ಳುತ್ತಾನೆ, ಉತ್ತರ ಸರಿಯಾಗಿ 1,000. ನಿದ್ದೆ ಮಾಡಿದವನು 10 ಅಂತಲೇ ಸೂತ್ರಕ್ಕೆ ಹಾಕುತ್ತಾನೆ, 316 ಚಿಲ್ಲರೆ ಬರುತ್ತದೆ. ಕೊನೇ ನಿಮಿಷಕ್ಕೆ ನುಗ್ಗಿದವನಿಗೆ ಸೂತ್ರವೇ ಗೊತ್ತಿರುವುದಿಲ್ಲ. ಚೀಟಿ ನೋಡಿದರೆ ಯಾರು ಎಲ್ಲಿದ್ದರು ಅಂತ ತಿಳಿಯುತ್ತದೆ. ಅವತ್ತು 316ರ ಚೀಟಿ ಹದಿನೈದೋ ಹದಿನಾರೋ ಬಂದವು. ಮಾರನೇ ದಿನ ಮೊದಲ ಐದು ನಿಮಿಷ ಬರೀ ಅದನ್ನೇ ಹೇಳಿದೆ. ಟೆಸ್ಟ್ ಪೇಪರಿನಲ್ಲಿ ಆ ತಪ್ಪು ಒಬ್ಬಿಬ್ಬರನ್ನು ಬಿಟ್ಟು ಯಾರೂ ಮಾಡಲಿಲ್ಲ.

ಒಂದು ಚೀಟಿಗೆ ಎರಡು ಅಂಕ. ಉತ್ತರ ಸರಿಯಿದ್ದರೆ ಎರಡು, ದಾರಿ ಸರಿಯಿದ್ದರೆ ಒಂದು, ಬರೀ ಹೆಸರಿದ್ದರೆ ಸೊನ್ನೆ. ಸೊನ್ನೆ ಬಂದವನಿಗೂ ಹಾಜರಿ ಉಂಟು, ಯಾಕಂದರೆ ಕೂತಿದ್ದನಲ್ಲ. ಹಾಜರಿ ಬೇರೆ, ಅಂಕ ಬೇರೆ. ಇವೆರಡನ್ನೂ ಕಲಸಿದರೆ ಜಗಳ ಶುರು.

ಸೆಮಿಸ್ಟರಿಗೆ ಐವತ್ತರ ಸುತ್ತಮುತ್ತ ಕ್ಲಾಸು ಸಿಗುತ್ತವೆ. ಅದರಲ್ಲಿ ಒಳ್ಳೆಯ 35 ಚೀಟಿ ಮಾತ್ರ ಲೆಕ್ಕಕ್ಕೆ. ಒಟ್ಟು 70 ಆಯಿತು, ಏಳರಿಂದ ಭಾಗಿಸಿದರೆ ಹತ್ತಕ್ಕೆ ಬಂತು. ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಇದ್ದಾಗ ಇಂಟರ್ನಲ್ಸ್, ಅಂದರೆ ಕಾಲೇಜಿನಲ್ಲೇ ಕೊಡುವ ಅಂಕ, 40 ಇತ್ತು, ಕೈ ಆಡಿಸಲು ಜಾಗ ಇತ್ತು. 2024ರಿಂದ ಮತ್ತೆ ಮೂರು ವರ್ಷದ ಡಿಗ್ರಿ ಬಂದು ನಮ್ಮಲ್ಲಿ ಇಂಟರ್ನಲ್ಸ್ 20ಕ್ಕೆ ಇಳಿಯಿತು. ಹತ್ತು ಟೆಸ್ಟಿಗೆ, ಹತ್ತು ಚೀಟಿಗೆ. ಅಸೈನ್‌ಮೆಂಟ್ ಕೈಬಿಟ್ಟೆ. ಒಬ್ಬಳು ಬರೆದದ್ದನ್ನು ಎಪ್ಪತ್ತು ಜನ ಇಳಿಸುವುದನ್ನು ತಿದ್ದುವುದಕ್ಕಿಂತ ಇದು ವಾಸಿ.

ಉಳಿದ ಹದಿನೈದು ಚೀಟಿ ಬಿಟ್ಟದ್ದು ಯಾಕೆ ಅಂತ ಕೇಳುತ್ತಾರೆ. ನಮ್ಮದು ಅಡಿಕೆ ಸೀಮೆ. ಚನ್ನಗಿರಿ, ಹೊಳಲ್ಕೆರೆ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಯ್ಲು ಶುರುವಾದರೆ ಕ್ಲಾಸಿನ ಮೂರರಲ್ಲಿ ಒಂದು ಭಾಗ ತೋಟದ ಫಸಲು ಗುತ್ತಿಗೆ ಹಿಡಿಯುವ ಚೇಣಿದಾರರ ಮನೆಯಲ್ಲಿ ಅಡಿಕೆ ಸುಲಿಯುತ್ತಿರುತ್ತದೆ. ಮೆಷಿನ್ ಬಂದಿದೆ ನಿಜ, ಆದರೂ ಕೈಯಲ್ಲಿ ಸುಲಿಯುವ ಮೆಟ್ಟುಗತ್ತಿ ಪೂರ್ತಿ ಹೋಗಿಲ್ಲ. ರಾತ್ರಿ ಹನ್ನೆರಡರವರೆಗೆ ಕೂತರೆ ಸುಲಿದಷ್ಟಕ್ಕೆ ಕೂಲಿ. ಪರೀಕ್ಷೆ ಫೀಸು ಹೊರಡುವುದು ಅಲ್ಲಿಂದಲೇ. ಆ ತಿಂಗಳು ಚೀಟಿ ಕೊಡುವ ಬೆರಳುಗಳೆಲ್ಲ ಅಡಿಕೆ ಕರೆ ಹಿಡಿದು ಕಪ್ಪಾಗಿರುತ್ತವೆ. ಚೀಟಿ ಮೇಲೂ ಹೆಬ್ಬೆಟ್ಟಿನ ಗುರುತು. ಇವರಿಗೆ ಬೈದು ಏನು ಸಾಧಿಸೋಣ? ಹದಿನೈದು ಚೀಟಿ ಹೋದರೂ ಅಂಕ ಹೋಗುವುದಿಲ್ಲ ಅಂತ ಗೊತ್ತಿದ್ದರೆ, ಅವರು ಉಳಿದ ದಿನಗಳನ್ನು ಲೆಕ್ಕ ಹಾಕಿ ತಪ್ಪದೆ ಬರುತ್ತಾರೆ. ರಿಜಿಸ್ಟರಿನಲ್ಲಿ ಮಾತ್ರ ಗೈರು ಅಂದರೆ ಗೈರು. ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು ಅನ್ನುವ ನಿಯಮ ವಿಶ್ವವಿದ್ಯಾಲಯದ್ದು. ಅದಕ್ಕೆ ನಾನು ಬಿಳಿ ಇಂಕು ಹಚ್ಚುವುದಿಲ್ಲ, ಹಚ್ಚಿ ಅಂದವರ ಜೊತೆ ಮಾತು ಬಿಟ್ಟದ್ದೂ ಉಂಟು.

ಎನ್‌ಎಸ್‌ಎಸ್ ಕ್ಯಾಂಪಿಗೆ ಏಳು ದಿನ ಹೋದವರಿಗೆ, ಆಟಕ್ಕೆ ಹೋದವರಿಗೆ ಹಾಜರಿ ಸಿಗುತ್ತದೆ, ಚೀಟಿ ಸಿಗುವುದಿಲ್ಲ. ಬಂದಮೇಲೆ ವಾರದೊಳಗೆ ಬಾಕಿ ಲೆಕ್ಕಗಳನ್ನು ನನ್ನೆದುರು ಕೂತು ಮಾಡಬೇಕು. ಮೆಡಿಕಲ್ ಸರ್ಟಿಫಿಕೇಟಿಗೆ ನಾನು ಕೈ ಹಾಕುವುದೇ ಇಲ್ಲ, ನೇರ ಆಫೀಸಿಗೆ. ಇನ್ನೂರು ಮುನ್ನೂರಕ್ಕೆ ಟೈಫಾಯಿಡ್ ಸಿಗುವ ಊರು ನಮ್ಮದು.

2025ರ ನವೆಂಬರಿನಲ್ಲಿ, ಹಾಜರಿ ಕಡಿಮೆ ಅಂತ ಪರೀಕ್ಷೆಗೆ ಕೂರಿಸದೇ ಇರಬಾರದು ಅಂತ ದೆಹಲಿ ಹೈಕೋರ್ಟ್ ಹೇಳಿತಲ್ಲ, ಮಾರನೇ ದಿನವೇ ಒಬ್ಬ ಮೊಬೈಲ್ ಹಿಡಿದುಕೊಂಡು ಬಂದ. "ಸಾರ್, ಕೋರ್ಟೇ ಹೇಳೈತೆ." "ಅದು ಲಾ ಕಾಲೇಜಿನೋರಿಗೆ ಕಣಪ್ಪ. ನೀನು ಬಿಕಾಂ. ಮೊದಲು ಬಾಕಿ ಚೀಟಿ ಮಾಡು" ಅಂದೆ. ಅವನಿಗೆ ಕೊನೆಗೆ ಹತ್ತಕ್ಕೆ ಎಂಟು ಬಂತು. ಲಾಗೇ ಹೋಗು ಅಂತ ಹೇಳಿದ್ದೇನೆ.

ಇನ್ನು ನಡವಳಿಕೆ. ಇದರಲ್ಲಿ ನನ್ನ ದುಡ್ಡು ಜಾಸ್ತಿ ಹೋದದ್ದು ಫೋನಿಗೆ. ಟೈಲರ್ ಹತ್ತಿರ ಜೇಬು ಜೇಬು ಇರುವ ಬಟ್ಟೆ ಹೊಲಿಸಿ ಗೋಡೆಗೆ ತೂಗು ಹಾಕಿದೆ, ಸುಮಾರು ಒಂಬೈನೂರು. ಹದಿನೈದು ದಿನದೊಳಗೆ ಮೊಳೆ ಕಿತ್ತು ಬಂದು ಒಂದು ಫೋನಿನ ಸ್ಕ್ರೀನ್ ಹೋಯಿತು. ಇನ್ನೊಂದು ಸಾವಿರದ ಎಂಟುನೂರು. ಸಂಬಳ ಯಾವ ತಿಂಗಳು ಬರುತ್ತದೆ ಅಂತ ಗೊತ್ತಿಲ್ಲದ ನಮಗೆ ಇದೆಲ್ಲ ತಮಾಷೆ ಅಲ್ಲ. ಆ ಬಟ್ಟೆಯಲ್ಲಿ ಈಗ ನಮ್ಮ ಮನೆಯವಳು ಬಾಚಣಿಗೆ, ಔಷಧಿ ಇಡುತ್ತಾಳೆ.

ಹುಡುಗರು ಫೋನ್ ತೆಗೆಯುತ್ತಿದ್ದುದಕ್ಕೆ ಅರ್ಧ ಕಾರಣ ಕ್ಯಾಲ್ಕ್ಯುಲೇಟರ್ ಇಲ್ಲದಿರುವುದು ಅಂತ ಆಮೇಲೆ ತಲೆಗೆ ಹೊಳೆಯಿತು. ದಾವಣಗೆರೆಯಿಂದ ವರ್ಗಮೂಲದ ಬಟನ್ ಇರುವ ಸಾದಾ ಕ್ಯಾಲ್ಕ್ಯುಲೇಟರ್ ಎಂಟು ತಂದೆ, ಒಂದಕ್ಕೆ ಇನ್ನೂರರ ಮೇಲೆ. ಬೆಂಚುಗಳ ನಡುವೆ ಹಂಚಿ ಕೊಡುತ್ತೇನೆ, ಹೋಗುವಾಗ ಚೀಟಿ ಜೊತೆ ವಾಪಸ್. ಎರಡು ಕಾಣೆಯಾಗಿವೆ, ಅಷ್ಟೇ. ಫೋನ್ ಹೊರಗೆ ಬರುವುದು ತಾನಾಗಿ ಕಡಿಮೆಯಾಯಿತು. ಈಗಿನ ನಿಯಮ ಒಂದೇ ಸಾಲು: ಫೋನ್ ಕೈಯಲ್ಲಿ ಕಂಡರೆ ಅವತ್ತು ಚೀಟಿ ಇಲ್ಲ. ಬೈಗುಳ ಇಲ್ಲ, ಹೊರಗೆ ಕಳಿಸುವುದಿಲ್ಲ.

ಇನ್ನೊಬ್ಬರ ಚೀಟಿ ಬರೆದರೆ ಇಬ್ಬರಿಗೂ ಐದೈದು ಚೀಟಿ ವಜಾ. ಕಾಪಿ ಹೊಡೆದ ಚೀಟಿಯನ್ನು ಹೇಗೆ ಹಿಡಿಯುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ, ನನ್ನ ಹುಡುಗರೂ ಓದುತ್ತಾರೆ. ಬೋರ್ಡಿನ ಮೇಲೆ ಲೆಕ್ಕ ಬರೆಯುವ ರೀತಿಯಲ್ಲೇ ಒಂದು ಕಿತಾಪತಿ ಇದೆ, ಅಷ್ಟು ಹೇಳಬಲ್ಲೆ. ರಬ್ಬರ್ ಸ್ಟ್ಯಾಂಪ್ ಎರಡು ಇವೆ, ಯಾವತ್ತು ಯಾವುದು ಅಂತ ನನಗೂ ಬೆಳಿಗ್ಗೆಯೇ ಗೊತ್ತಾಗುವುದು.

ಈ ನಡುವೆ ಒಂದು ತಿಂಗಳು ಚೀಟಿಗಳನ್ನು ಅವರವರೇ ಅದಲು ಬದಲು ಮಾಡಿಕೊಂಡು ತಿದ್ದಲಿ ಅಂತ ಬಿಟ್ಟು ನೋಡಿದೆ. ಹುಡುಗರು ಹುಡುಗಿಯರಿಗೆಲ್ಲ ಎರಡಕ್ಕೆ ಎರಡು ಹಾಕಿದರು. ಹುಡುಗಿಯರು ಮುಲಾಜಿಲ್ಲದೆ ಸೊನ್ನೆ ಹಾಕಿದರು. ನಿಲ್ಲಿಸಿದೆ. ಜಾಗ ಬದಲಾಯಿಸಿ ಕೂರಿಸುವುದನ್ನೂ ಮಾಡಿದೆ, ಹಿಂದಿನ ಬೆಂಚಿನವರು ಮುಂದೆ ಬಂದು ಮುಂದೆಯೇ ಹಿಂದಿನ ಬೆಂಚು ಮಾಡಿದರು.

ತಿದ್ದುವುದು ಕಷ್ಟ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಕೈ ಕೂತಮೇಲೆ ದಿನಕ್ಕೆ ಇಪ್ಪತ್ತು ನಿಮಿಷ. ವಾಪಸ್ ಹೋಗುವ ಬಸ್ಸಲ್ಲಿ ಸೀಟು ಸಿಕ್ಕರೆ ಮನೆ ತಲುಪುವುದರೊಳಗೆ ಮುಗಿದಿರುತ್ತದೆ. ಖರ್ಚು ಒಂದು ರಿಮ್ ಪೇಪರ್, ಮುನ್ನೂರರ ಒಳಗೆ. ಐನೂರು ಹಾಳೆಗೆ ನಾಲ್ಕು ಸಾವಿರ ಚೀಟಿ, ಸೆಮಿಸ್ಟರ್ ದಾಟುತ್ತದೆ. ಜೆರಾಕ್ಸ್ ಅಂಗಡಿಯವನು ಕಟಿಂಗ್ ಮೆಷಿನ್‌ನಲ್ಲಿ ಕತ್ತರಿಸಲು ಇಪ್ಪತ್ತು ತಗೊಳ್ಳುತ್ತಾನೆ. ಸ್ಟ್ಯಾಂಪಿಗೆ ನೂರೋ ನೂರಿಪ್ಪತ್ತೋ.

ಅಂಕದ ವಿಷಯಕ್ಕೆ ಗಲಾಟೆ ಆಗದೇ ಇರಲಿಲ್ಲ. ಎಲ್ಲರೂ ಇಂಟರ್ನಲ್ಸ್ 18, 19 ಅಂತ ಸಾಲಾಗಿ ಹಾಕುವ ಕಡೆ ನಾನು 9ರಿಂದ 20ರವರೆಗೆ ಹಾಕಿದೆ. "ರಿಸಲ್ಟ್ ಬಿದ್ದರೆ ನೀವೇ ಜವಾಬ್ದಾರಿ" ಅಂದರು ಪ್ರಿನ್ಸಿಪಾಲರು. ಚೀಟಿಗಳ ಕಟ್ಟು ತೆಗೆದು ಟೇಬಲ್ ಮೇಲಿಟ್ಟೆ. ಅಂಕಗಳನ್ನು ನೋಟಿಸ್ ಬೋರ್ಡಿಗೆ ಹಾಕಿ ಒಂದು ವಾರ ಬಿಡುತ್ತೇನೆ, ತಕರಾರಿದ್ದವರು ತಮ್ಮ ಚೀಟಿ ತಾವೇ ಎಣಿಸಿಕೊಳ್ಳಬಹುದು. ಏಳೆಂಟು ಜನ ಬಂದರು, ಇಬ್ಬರಿಗೆ ಜಾಸ್ತಿ ಸಿಕ್ಕಿತು. ಆಮೇಲೆಯೇ ವಿಶ್ವವಿದ್ಯಾಲಯದ ಆನ್‌ಲೈನ್ ವ್ಯವಸ್ಥೆ ಯುಯುಸಿಎಂಎಸ್‌ಗೆ ಏರಿಸುವುದು. ಒಮ್ಮೆ ಅಲ್ಲಿಗೆ ಹೋದ ಅಂಕ ತಿದ್ದಿಸಲು ಓಡಾಡುವ ಕರ್ಮ ಯಾರಿಗೂ ಬೇಡ.

ಮೇನ್ ಪರೀಕ್ಷೆಯಲ್ಲಿ ಮುಂಚೆ ನನ್ನ ವಿಷಯದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಪಾಸಾಗುತ್ತಿದ್ದರು. ಕಳೆದ ಸಲ ಶೇ. 80ರ ಹತ್ತಿರ ಬಂತು. ಮಧ್ಯಾಹ್ನದ ಕ್ಲಾಸಿನಲ್ಲಿ ಐವತ್ತೈದು, ಅರವತ್ತು ಜನ ಇರುವುದು ಈಗ ಮಾಮೂಲು.

ಥಿಯರಿ ವಿಷಯಕ್ಕೆ ಇದು ಇನ್ನೂ ಸರಿಯಾಗಿ ಕೂತಿಲ್ಲ. ಬಿಸಿನೆಸ್ ಲಾಗೆ ಮಾಡಿ ನೋಡಿದೆ, ಎರಡು ಸಾಲು ಬರೆಯಿರಿ ಅಂದರೆ ಗೈಡಿನ ಎರಡು ಸಾಲು ಬರುತ್ತವೆ. ಹೌದು ಅಲ್ಲ ಪ್ರಶ್ನೆ ಕೊಟ್ಟರೆ ಪಿಸುಮಾತು. ಈ ಸೆಮಿಸ್ಟರ್ ಅವರವರ ಊರಿನದೇ ಒಂದು ವ್ಯವಹಾರ ಹೇಳಿ, ಇಲ್ಲಿ ಕರಾರು ಆಯಿತೋ ಇಲ್ಲವೋ, ಯಾಕೆ ಅಂತ ಕೇಳುತ್ತಿದ್ದೇನೆ. ಮೊದಲ ದಿನ ಕೇಳಿದ್ದು ಅಡಿಕೆ ಚೇಣಿಗೆ ಬಾಯಿಮಾತಲ್ಲಿ ಅಡ್ವಾನ್ಸ್ ಕೊಟ್ಟದ್ದು. ಪಿರಿಯಡ್ ಮುಗಿದು ಕಾಲು ಗಂಟೆ ಆದರೂ ಯಾರೂ ಚೀಟಿ ಕೊಡಲಿಲ್ಲ, ಬಾಗಿಲಲ್ಲೇ ನಿಂತು ವಾದ ಮಾಡುತ್ತಿದ್ದರು.