ಎರರ್ ಸಾಲೇ ಪುಟದ ಶೀರ್ಷಿಕೆ: ಬಿಲ್ಡ್ ಟೂಲ್ ಡಾಕ್ಸ್ ಮರುಜೋಡಣೆ, ನನ್ನ ಅನುಭವ

ನಮ್ಮದು ಗ್ನೂ ಮೇಕ್ (ಮೇಕ್‌ಫೈಲ್‌ನಲ್ಲಿ ಬರೆದ ಆದೇಶಗಳನ್ನು ಓಡಿಸುವ ಪ್ರೋಗ್ರಾಂ) ಮೇಲೆ ಕೂತಿರುವ, ಬೆಂಗಳೂರಿನ ಆಫೀಸಿನೊಳಗೇ ಬೆಳೆದ ಬಿಲ್ಡ್ ಟೂಲ್, ಅಂದರೆ ಸೋರ್ಸ್ ಕೋಡ್‌ನಿಂದ ಓಡುವ ಪ್ರೋಗ್ರಾಂ ಕಟ್ಟುವ ಸಾಧನ. ಸರಳ ಪಠ್ಯದಿಂದ ವೆಬ್ ಪುಟ ಮಾಡಿಕೊಡುವ ಸ್ಫಿಂಕ್ಸ್‌ನಲ್ಲಿ ಸುಮಾರು 300 ಪುಟ ಡಾಕ್ಸ್ (ಟೂಲ್ ಬಳಸುವವರಿಗಾಗಿ ಬರೆದ ವಿವರಣೆ), ಅದರ ಹೊರಗೆ ವಿಕಿ ಬೇರೆ. ಎಲ್ಲವನ್ನೂ ಎರರ್ ಪ್ರಕಾರ ಜೋಡಿಸೋಣ ಎಂದಾಗ "ಡಾಕ್ಸ್ ಯಾರು ಓದ್ತಾರೆ? ಚಾಟ್‌ನಲ್ಲೇ ಕೇಳ್ತಾರೆ" ಎಂದವರೇ ಹೆಚ್ಚು. ಈಗ ಪುಟಗಳು 90ರ ಆಸುಪಾಸಿಗೆ ಬಂದಿವೆ. ಚಾಟ್‌ನ ಪ್ರಶ್ನೆಗಳು ಅರ್ಧಕ್ಕಿಂತ ಕೆಳಗಿಳಿದಿವೆ, ಫ್ರೆಶರ್‌ಗಳು ಬಂದು ಸೇರುವ ಜುಲೈ-ಆಗಸ್ಟ್‌ನಲ್ಲೂ.

ಇದಕ್ಕೂ ಮೊದಲು ಫೀಚರ್‌ವಾರು ಜೋಡಣೆ ನಡೆದಿತ್ತು. ಗುತ್ತಿಗೆಯ ಟೆಕ್ನಿಕಲ್ ರೈಟರ್‌ಗೆ 3 ಲಕ್ಷದಷ್ಟು ಖರ್ಚು. ಬರವಣಿಗೆ ಚೆನ್ನಾಗಿಯೇ ಇತ್ತು, ಆದರೂ ಯಾರೂ ಒಳಗೆ ಹೋಗಲಿಲ್ಲ. ಬಿಲ್ಡ್ ಮುರಿದವರಿಗೆ ತಾವು ಯಾವ ಫೀಚರ್ ಮುಟ್ಟಿದೆವು ಎಂಬುದೇ ತಿಳಿದಿರುವುದಿಲ್ಲ. ಅವರ ಬಳಿ ಇರುವುದು ಟರ್ಮಿನಲ್‌ನ ಕೊನೆಯ ಸಾಲು ಮಾತ್ರ.

ಆ ಸಾಲನ್ನೇ ಇದ್ದದ್ದು ಇದ್ದ ಹಾಗೆ ಶೀರ್ಷಿಕೆ ಮಾಡಿದೆ. ಸ್ಫಿಂಕ್ಸ್‌ನ ಒಳ ಹುಡುಕಾಟದಲ್ಲಿ ಶೀರ್ಷಿಕೆಯಲ್ಲಿ ಸಿಕ್ಕ ಪದಕ್ಕೆ 15 ಅಂಕ, ಒಳಗಿನ ಪಠ್ಯದಲ್ಲಿ ಸಿಕ್ಕರೆ 5. ಇಡೀ ವಾಕ್ಯವನ್ನು ಒಂದಾಗಿ ಹುಡುಕುವ ಶಕ್ತಿ ಅದಕ್ಕಿಲ್ಲದಿದ್ದರೂ ಈ ಅಂಕದ ವ್ಯತ್ಯಾಸದಿಂದ ಸರಿಯಾದ ಪುಟ ಮೇಲೆ ಬರುತ್ತದೆ. ವರ್ಷಕ್ಕೆ 2 ಲಕ್ಷ ಚಿಲ್ಲರೆ ಕೇಳಿದ್ದ ಹುಡುಕಾಟದ ಸೇವೆ ಬೇಕಾಗಲೇ ಇಲ್ಲ. ಎರರ್ ಸಾಲಿನಲ್ಲಿ ಬದಲಾಗುತ್ತಿರುವ ಫೈಲ್ ಹೆಸರು, ಸಾಲಿನ ಸಂಖ್ಯೆಗಳನ್ನು ಕಿತ್ತು ಸೋರ್ಸ್‌ನಿಂದಲೇ ಶೀರ್ಷಿಕೆ ಹೆಕ್ಕುವ ಸ್ಕ್ರಿಪ್ಟ್ ನನ್ನ ಬಳಿ ಇದೆ. ಅದನ್ನು ಇಲ್ಲಿ ಹಾಕುವುದಿಲ್ಲ.

ಅತಿ ಹೆಚ್ಚು ತಲೆ ತಿಂದದ್ದು "ಮಿಸ್ಸಿಂಗ್ ಸೆಪರೇಟರ್". ಮೇಕ್‌ಫೈಲ್‌ನ ರೆಸಿಪಿ ಸಾಲು (ಓಡಿಸಬೇಕಾದ ಆದೇಶ) ಟ್ಯಾಬ್‌ನಿಂದಲೇ ಶುರುವಾಗಬೇಕು, ಸ್ಪೇಸ್ ಇದ್ದರೆ ಈ ಎರರ್ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೂ ಜನ ಪದೇ ಪದೇ ಬೀಳುತ್ತಿದ್ದರು, ಏಕೆಂದರೆ ತಪ್ಪು ನಮ್ಮ ಡಾಕ್ಸ್‌ನಲ್ಲೇ ಹುಟ್ಟುತ್ತಿತ್ತು. ಪುಟದ ಕೋಡ್‌ಬ್ಲಾಕ್ ಒಳಗೆ ಬರೆದ ಟ್ಯಾಬ್ ಅನ್ನು, ಸ್ಫಿಂಕ್ಸ್‌ಗಾಗಿ ಪಠ್ಯ ಓದುವ ಡಾಕ್‌ಯುಟಿಲ್ಸ್ 8 ಸ್ಪೇಸ್ ಲೆಕ್ಕದಲ್ಲಿ ಬಿಡಿಸಿಬಿಡುತ್ತದೆ. ಪುಟದಿಂದ ಕಾಪಿ ಮಾಡಿದವರಿಗೆ ಸಿಗುವುದು ಸ್ಪೇಸ್. ಟ್ಯಾಬ್ ಬದಲು ಬೇರೆ ಅಕ್ಷರ ಬಳಸಲು ಬಿಡುವ ರೆಸಿಪಿಪ್ರಿಫಿಕ್ಸ್ ವೇರಿಯಬಲ್ ಹಾಕಿ ಟ್ಯಾಬ್ ಕಾಟವನ್ನೇ ತಪ್ಪಿಸಲು ನೋಡಿದೆವು. ಅದು ಬಂದದ್ದು ಮೇಕ್ 3.82ರಲ್ಲಿ, ಮ್ಯಾಕ್ ಜೊತೆ ಬರುವುದು 3.81. ಹಾಗಾಗಿ ಆ ದಾರಿ ಮುಚ್ಚಿತು. ಕೊನೆಗೆ ಪ್ರತಿ ಉದಾಹರಣೆಯನ್ನೂ ನಿಜವಾದ ಫೈಲ್ ಆಗಿ ರೆಪೊದಲ್ಲಿಟ್ಟು (ಕೋಡ್ ಇಡುವ ಜಾಗ), ಫೈಲನ್ನು ಇದ್ದ ಹಾಗೇ ಸೇರಿಸುವ ಸ್ಫಿಂಕ್ಸ್‌ನ ಲಿಟರಲ್‌ಇನ್‌ಕ್ಲೂಡ್‌ನಿಂದ ಪುಟಕ್ಕೆ ಎಳೆದೆವು. ಟ್ಯಾಬ್‌ವಿಡ್ತ್ ಆಯ್ಕೆ ಕೊಡದಿದ್ದರೆ ಟ್ಯಾಬ್ ಹಾಗೇ ಉಳಿಯುತ್ತದೆ. ಅದೇ ಫೈಲ್‌ಗಳನ್ನು ಸಿಐ (ಕೋಡ್ ಬದಲಾದಾಗ ತಾನಾಗಿ ಪರೀಕ್ಷೆ ಓಡಿಸುವ ವ್ಯವಸ್ಥೆ) ರನ್ ಮಾಡುವುದರಿಂದ ಟೂಲ್ ಬದಲಾಗಿ ಉದಾಹರಣೆ ಮುರಿದರೆ, ಆ ಬದಲಾವಣೆ ಮುಖ್ಯ ಕೋಡ್‌ಗೆ ಮರ್ಜ್ ಆಗುವ ಮೊದಲೇ ಕೆಂಪು ಕಾಣುತ್ತದೆ. ಇಡೀ ಕೆಲಸದಲ್ಲಿ ಒಂದನ್ನೇ ಮಾಡಲು ಸಮಯವಿದ್ದರೆ ಇದನ್ನೇ ಮಾಡಿ.

ವಾರ್ನಿಂಗ್‌ಗಳನ್ನು ಎರರ್ ಮಾಡುವ ಸ್ಫಿಂಕ್ಸ್‌ನ ದೊಡ್ಡ ಡಬ್ಲ್ಯೂ ಫ್ಲ್ಯಾಗ್ (-W) ಹಳೇ ಪ್ರಾಜೆಕ್ಟಿಗೆ ಒಂದೇ ಸಲ ಹಾಕಬೇಡಿ, ಬಿಲ್ಡ್ ಹಸಿರಾಗುವುದೇ ಇಲ್ಲ. ಚಿಕ್ಕ ಡಬ್ಲ್ಯೂನಿಂದ (-w) ವಾರ್ನಿಂಗ್‌ಗಳನ್ನು ಫೈಲ್‌ಗೆ ಬರೆಸಿ, ಸಂಖ್ಯೆ ಏರಿದರೆ ಮಾತ್ರ ಸಿಐ ಬೀಳಿಸಿ. ಸೊನ್ನೆಗೆ ಇಳಿದ ಮೇಲೆ ದೊಡ್ಡದು ಹಾಕಿದರೆ ಸಾಕು. ಪುಟಗಳ ಲಿಂಕ್‌ಗಳು ಬದುಕಿವೆಯೇ ಎಂದು ನೋಡುವ ಲಿಂಕ್‌ಚೆಕ್ ರಾತ್ರಿ ಓಡಲಿ. ಪ್ರತಿ ಕಮಿಟ್‌ಗೂ ಓಡಿಸಿದರೆ ಹೊರಗಿನ ಸೈಟುಗಳು 429 (ಕೋರಿಕೆ ಅತಿಯಾಯಿತು ಎಂಬ ಉತ್ತರ) ಕೊಟ್ಟು ತಡೆಯುತ್ತವೆ.

ನಡುವೆ ಒಂದು ಪ್ರಯೋಗವೂ ಆಯಿತು. ಶುರುವಿನ ಪುಟವನ್ನು ಅನುವಾದದ ಸಾಧನವಾದ ಗೆಟ್‌ಟೆಕ್ಸ್ಟ್ ಮೂಲಕ ಕನ್ನಡಕ್ಕೆ ತಂದೆವು, ಓದಿದವರಿಗೆ ಬಹಳ ಹಿಡಿಸಿತು. ಹುಡುಕಾಟ ಮಾತ್ರ ಕೈಕೊಟ್ಟಿತು. ಸ್ಫಿಂಕ್ಸ್ ಪದ ಕತ್ತರಿಸುವ ರೀತಿಯಲ್ಲಿ ಸ್ವರಚಿಹ್ನೆಗಳು, ಒತ್ತಕ್ಷರದ ನಡುವೆ ಬರುವ ಹಲಂತ ಚಿಹ್ನೆ ಅಕ್ಷರದ ಲೆಕ್ಕಕ್ಕೆ ಬರುವುದಿಲ್ಲ. "ಕನ್ನಡ" ಎಂಬುದು "ಕನ", "ನಡ" ಎಂದು ಎರಡಾಗುತ್ತದೆ. ಇದಕ್ಕೆ ಬೇರೆ ಪದ ಕತ್ತರಿಸುವ ಕೋಡ್ ಬರೆಯುತ್ತಿದ್ದೇನೆ.

ಪುಟ ಅಳಿಸುವ ಮುನ್ನ ಹಳೇ ವಿಳಾಸಗಳ ರೀಡೈರೆಕ್ಟ್ ಪಟ್ಟಿ (ಹಳೇ ವಿಳಾಸಕ್ಕೆ ಬಂದವರನ್ನು ಹೊಸ ಪುಟಕ್ಕೆ ಕಳಿಸಲು) ಸಿದ್ಧವಿರಲಿ. ಟಿಕೆಟ್‌ಗಳಲ್ಲಿ, ಚಾಟ್‌ನಲ್ಲಿ ಅಂಟಿಸಿದ ಲಿಂಕ್‌ಗಳು ವರ್ಷಗಟ್ಟಲೆ ಬದುಕಿರುತ್ತವೆ. ಅಳಿಸಿದ ಸುಮಾರು 200 ವಿಳಾಸಕ್ಕೂ ಕೂತು ಬರೆಯಬೇಕಿಲ್ಲ. ಪುಟಗಳನ್ನು ಬಡಿಸುವ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್‌ನ ಲಾಗ್‌ನಲ್ಲಿ ಯಾವ ಪುಟಕ್ಕೆ ಎಷ್ಟು ಜನ ಬರುತ್ತಾರೆ ಎಂದು ಸಾರ್ಟ್ ಮಾಡಿ, ಮೇಲಿನ 40 ವಿಳಾಸಗಳನ್ನು ಅದರ ಮ್ಯಾಪ್ ಫೈಲ್‌ಗೆ (ಹಳೇ-ಹೊಸ ವಿಳಾಸಗಳ ಜೋಡಿ ಪಟ್ಟಿ) ಹಾಕಿದರೆ ಬಹುಪಾಲು ಮುಗಿಯುತ್ತದೆ. ಉಳಿದವನ್ನು ವಾರಕ್ಕೊಮ್ಮೆ 404 (ಪುಟ ಸಿಗಲಿಲ್ಲ) ಪಟ್ಟಿ ನೋಡಿ ಸೇರಿಸಿಕೊಳ್ಳಬಹುದು.